ಮಾಲೀಕರ ಕುರ್ಚಿಯ ಮೇಲಿನ ಹೆಂಚು

ರೇಡಿಯೋದಲ್ಲಿ ವಾರ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ನಮ್ಮ ಮನೆ ಮಾಲೀಕ ಮುನಿಶಾಮಪ್ಪನವರ ಬೋಳುತಲೆಯ ಮೇಲೆ ಟಪ್ಪೆಂದು ಒಂದು ಮಳೆಹನಿ ಬಿತ್ತು. ನನಗೆ ಒಳಗೊಳಗೇ ಹಬ್ಬ.

ಅರವತ್ತರ ದಶಕದ ಮಾತು. ಬಂಗಾರಪೇಟೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಹೆಂಚುಗಳು ಒಡೆದು ಎಲ್ಲೆಂದರಲ್ಲಿ ಸೋರುತ್ತಿದ್ದವು. ರಿಪೇರಿ ಮಾಡಿಸಿ ಎಂದಾಗಲೆಲ್ಲ ಅವರದು ಒಂದೇ ಉತ್ತರ: “ನಾಕು ಅನಿ ಬಿದ್ರೆ ಕರಗೋಗ್ತೀರೇನಪ್ಪಾ?” ನಾವು ರೇಡಿಯೋ ತಂದ ಮೇಲೆ ಮಾತ್ರ, ಕರೆಂಟು ತಮ್ಮದೆಂಬ ಹಕ್ಕಿನಿಂದ, ದಿನಾ ಸಂಜೆ ಬಂದು ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು.

ತಲೆಗೆ ಹನಿ ಬಿದ್ದ ಮರುದಿನವೇ ಆಳು ಬಂದ. ಹೆಂಚು ಬದಲಾಯಿಸಿದ, ಆ ಕುರ್ಚಿಯ ಮೇಲ್ಗಡೆ ಮಾತ್ರ! ಅಡುಗೆಮನೆಯ ಒಲೆ ಎಂದಿನಂತೆ ನೆನೆಯುತ್ತಲೇ ಇತ್ತು. ನಾನು ಹಲ್ಲು ಕಡಿಯುತ್ತಿದ್ದರೆ ನನ್ನ ಹೆಂಡತಿ ತಣ್ಣಗೆ ಹೇಳಿದಳು: “ರೀ, ರೇಡಿಯೋನ ಅಡುಗೆಮನೆಗೆ ತಗಂಡೋಗಿ. ಕುರ್ಚೀನ ಸೋರೋ ಕಡೆ ಹಾಕಿ.”

ಆ ಮಳೆಗಾಲದಲ್ಲಿ ನಮ್ಮ ರೇಡಿಯೋ ಮನೆಯೆಲ್ಲ ಸುತ್ತಿತು, ಅದರ ಹಿಂದೆಯೇ ಹೊಸ ಹೆಂಚುಗಳೂ ಬಂದವು. ಬಚ್ಚಲುಮನೆ ಮಾತ್ರ ಕೊನೆಯವರೆಗೂ ಸೋರಿತು. ಅಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸುವ ಧೈರ್ಯ ನನ್ನ ಹೆಂಡತಿಗೂ ಬರಲಿಲ್ಲ.