ಅಂಬಾಬಾಯಿ ಕೊಡದ ಫೋಟೋ

"ಅವ್ವಾ, ಅಂಬಾಕಾಕು ಎಲ್ಲಾರ ಫೋಟೋ ತಗೀತಾಳ. ನಂದು ಬಂದದ, ನಿಂದು ಬಂದದ, ಹಾಲು ಹಾಕೋ ಸಂಗವ್ವನ ಎಮ್ಮೀದೂ ಬಂದದ. ಕಾಶೀಕಾಕುಂದ ಒಂದ ಯಾಕ ಪ್ರತಿ ವರ್ಷ ಕೆಡ್ತದ?"

ಐದು ವರ್ಷದ ಯಮು ಹೀಗೆ ಕೇಳಿದಾಗ ಸುಲಭಾ ಕೂಸಿಗೆ ಕಾಡಿಗೆ ಹಚ್ಚುತ್ತಿದ್ದಳು. "ಆಕಿ ಅಲಗ್ಯಾಡ್ತಾಳ, ಅದಕ್ಕ" ಎಂದು ಸಾಗಹಾಕಿದಳು. ಆದರೆ ಕಾಶೀಬಾಯಿ ಅಲುಗಾಡುವವಳಲ್ಲ. ಕ್ಯಾಮೆರಾದ ಮುಂದೆ ಆಕೆ ನೆಲಕ್ಕೆ ಹೊಡೆದ ಗೂಟದ ಹಾಗೆ ನಿಲ್ಲುತ್ತಿದ್ದಳು.

ಧಾರವಾಡದ ಆ ಹಳೆಯ ವಾಡೆಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ನಡುಮನೆಯಲ್ಲಿ ಹಿರಿಯರಾದ ಪಂಢರಿನಾಥರು, ಅವರ ಹೆಂಡತಿ ಕಾಶೀಬಾಯಿ. ಹಿತ್ತಲ ಕಡೆ ತಮ್ಮ ರಮಾಕಾಂತರು, ಅವರ ಹೆಂಡತಿ ಅಂಬಾಬಾಯಿ. ಬೀದಿ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗೆ ಇದ್ದವರು ಸುಲಭಾ, ಅವಳ ಮಾಸ್ತರ ಗಂಡ, ಇಬ್ಬರು ಮಕ್ಕಳು.

ಅಂಬಾಬಾಯಿಗೆ ಮಕ್ಕಳಿರಲಿಲ್ಲ. ಕಚೇರಿಯಲ್ಲಿ ಕಾರಕೂನರಾಗಿದ್ದ ರಮಾಕಾಂತರು ಒಮ್ಮೆ ಪುಣೆಯಿಂದ ಅಗ್ಗದ ಪೆಟ್ಟಿಗೆ ಕ್ಯಾಮೆರಾ ತಂದು, ನಾಲ್ಕು ದಿನ ಆಡಿ, ಬೇಸತ್ತು ಕೆಳಗಿಟ್ಟರು. ಅಂಬಾಬಾಯಿ ಎತ್ತಿಕೊಂಡಳು, ಮತ್ತೆ ಬಿಡಲಿಲ್ಲ. ಮಳೆಗಾಲವೆಲ್ಲ ಅದು ಅರಿವೆ ಸುತ್ತಿಕೊಂಡು ಟ್ರಂಕಿನಲ್ಲಿ ಇರುತ್ತಿತ್ತು. ಆಶ್ವೀಜ ಬಂದು, ಮೋಡ ಹರಿದು, ಬಿಸಿಲು ತೊಳೆದಿಟ್ಟ ಹಾಗಾದ ಕೂಡಲೇ ಹೊರಗೆ ಬರುತ್ತಿತ್ತು. ಅಲ್ಲಿಂದ ದೀಪಾವಳಿಯವರೆಗೆ ಆಕೆಯ ಸಾರಿಗೆ ಉಪ್ಪು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಚೆಂಡುಹೂ ಮಾರುವ ದುರಗವ್ವ, ಶೀಗೀ ಹುಣ್ಣಿಮೆಗೆ ಹೊಲಕ್ಕೆ ಹೊರಟ ಬುತ್ತಿಬುಟ್ಟಿ, ಮಗ್ಗಲು ಬದಲಿಸುವ ಎಮ್ಮೆ, ಎಲ್ಲವೂ ಬೇಕು. "ತಡೀರಿ, ನೆರಳು ಇನ್ನೂ ಮೂಗಿನ ಮ್ಯಾಲ ಅದ" ಎಂದು ಮಂದಿಯನ್ನು ಬಿಸಿಲಲ್ಲಿ ನಿಲ್ಲಿಸಿ ಬೈಸಿಕೊಳ್ಳುತ್ತಿದ್ದಳು. ಪ್ರತಿಗಳನ್ನು ಮಾತ್ರ ಪುಕ್ಕಟೆ ಹಂಚುತ್ತಿದ್ದಳು. ಕ್ಯಾಮೆರಾದ ಬೆನ್ನಿನಲ್ಲಿರುವ ಕೆಂಪು ಗಾಜಿನ ಕಿಂಡಿಯಲ್ಲಿ ರೀಲಿನ ಅಂಕಿ ನೋಡಿ ತಿರುಗಿಸುವುದನ್ನು ಸುಲಭಾಳಿಗೂ ಕಲಿಸಿದ್ದಳು.

ಕಾಶೀಬಾಯಿಯ ಫೋಟೋ ಮಾತ್ರ ಏಳೆಂಟು ವರ್ಷದಿಂದ ಬಂದೇ ಇರಲಿಲ್ಲ. ದಸರೆಗೊಮ್ಮೆ ಜರಿಯ ಪೈಠಣಿ ಸೀರೆ ಉಟ್ಟು, ನತ್ತು ಇಟ್ಟುಕೊಂಡು ನಿಲ್ಲುವುದು. ಹದಿನೈದು ದಿನಕ್ಕೆ ಅಂಬಾಬಾಯಿ ಬಂದು "ಕೆಟ್ಟಿತಲ್ರೀ ವೈನಿ" ಎನ್ನುವುದು. ಸ್ಟುಡಿಯೋಕ್ಕೆ ಹೋಗುವ ಮಾತಿಲ್ಲ. ಪರಗಂಡಸಿನ ಮುಂದೆ ಮನೆಯ ಹೆಂಗಸು ಮುಖವೆತ್ತಿ ಕೂಡುವುದು ಪಂಢರಿನಾಥರಿಗೆ ಆಗದು. ಆಕೆಯ ಮೇಲೆ ದೇವಿಯ ಮುನಿಸಿದೆ ಎಂದು ಓಣಿಯ ಹೆಂಗಸರು ಪಿಸುಗುಟ್ಟಿದರು. ಕಾಶೀಬಾಯಿಯೂ ನಂಬಿ, ಶುಕ್ರವಾರ ತುಪ್ಪದ ದೀಪ ಹಚ್ಚತೊಡಗಿದಳು.

ಆ ವರ್ಷ ಮಹಾಯುದ್ಧದ ದೆಸೆಯಿಂದ ರೀಲು ಸಿಗುವುದೇ ದುಸ್ತರವಾಗಿತ್ತು. ಪಂಢರಿನಾಥರು ಎದೆನೋವಿನಿಂದ ಹಾಸಿಗೆ ಹಿಡಿದಿದ್ದರು. ಡಾಕ್ಟರರು ರಮಾಕಾಂತರನ್ನು ಹೊರಗೆ ಕರೆದು ಏನೋ ಹೇಳಿ ಹೋದದ್ದನ್ನು ಕಾಶೀಬಾಯಿ ಕಂಡಿದ್ದಳು. ಖಂಡೇನವಮಿಯ ಮುಂಚಿನ ದಿನ ಅಂಗಳಕ್ಕೆ ಬಂದು ಮೈದುನನ ಹೆಂಡತಿಯ ಮುಂದೆ ನಿಂತಳು.

"ಅಂಬಾ, ಈ ಸಲ ಕೆಡಸಬ್ಯಾಡ ನಮ್ಮವ್ವ. ಹಣಿ ಮ್ಯಾಲ ಕುಂಕುಮ ಇರೋದರಾಗ ಒಂದು ತಗಿ. ಆಮ್ಯಾಲ ನಾ ಯಾವ ಮಾರಿ ತೋರಿಸ್ಲಿ?"

ಆ ಮನೆಯಲ್ಲಿ ಗಂಡ ಸತ್ತವಳ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ಒಳಗೆ ಕೂಡಿಸುವ ರೂಢಿ ಇನ್ನೂ ಬಿಟ್ಟಿರಲಿಲ್ಲ.

"ದೇವಿ ಮನಸಿನಾಗ ಇದ್ದರ ಬರ್ತದ ಬಿಡ್ರಿ" ಎಂದು ಅಂಬಾಬಾಯಿ ಕ್ಯಾಮೆರಾ ತಂದಳು. ಸೆರಗು ಸರಿಮಾಡಲು ಹೋಗುವಾಗ ಅದನ್ನು ಸುಲಭಾಳ ಕೈಗೆ ಕೊಟ್ಟಳು. ಸುಲಭಾ ರೂಢಿಯಂತೆ ಹಿಂದಿನ ಕಿಂಡಿ ನೋಡಿದಳು. ಅಂಕಿಯೂ ಇಲ್ಲ, ರೀಲಿನ ಬೆನ್ನಿನ ಕಾಗದವೂ ಇಲ್ಲ. ಒಳಗೆ ಬರೀ ಕತ್ತಲೆ. ತಲೆ ಎತ್ತಿದರೆ ಅಂಬಾಬಾಯಿ ಅವಳನ್ನೇ ನೋಡುತ್ತಿದ್ದಳು. ಕ್ಯಾಮೆರಾ ಇಸಿದುಕೊಂಡು, "ಗಲ್ಲ ಎತ್ರಿ ವೈನಿ, ಉಸುರು ಹಿಡೀರಿ" ಎಂದು ಟಕ್ ಎನಿಸಿದಳು.

ಕಾಶೀಬಾಯಿ ಒಳಗೆ ಹೋದ ಮೇಲೆ ಸುಲಭಾ ಕೇಳಿದಳು: "ಅಂಬಕ್ಕಾ, ಇಷ್ಟು ವರ್ಷನೂ ಖಾಲೀನ ಏನ್ರಿ?"

"ಖಾಲೀನ."

ಹಿತ್ತಲ ಕಟ್ಟೆಯ ಮೇಲೆ ಕೂತು ಅಂಬಾಬಾಯಿ ಹೇಳಿದಳು. ಆಕೆಯ ತಾಯಿ ಅಮ್ಮಿನಬಾವಿಯಲ್ಲಿ ಇದ್ದಳು, ಚಿಕ್ಕ ಪ್ರಾಯದಲ್ಲೇ ಗಂಡ ಸತ್ತು ತಲೆ ಬೋಳಿಸಿಕೊಂಡ ಮಡಿ ಹೆಂಗಸು. "ಕನ್ನಡಿ ಸೈತ ನೋಡಿದಾಕಿ ಅಲ್ಲ. ಫೋಟೋ ಅಂದರ ಓಡತಿದ್ದಳು. ನೀ ತಗಿಯೋದಾದರ ತಗಿ, ಹಡದ ಮಗಳ ಮುಂದ ಎಂಥಾ ನಾಚಿಕಿ ಅಂತ ಏಳೆಂಟು ವರ್ಷದ ಹಿಂದ ಬಾವಿಕಟ್ಟಿ ಮ್ಯಾಲ ಕೂತು ನಕ್ಕಳು ನೋಡು."

ರೀಲು ಮುಗಿಯದೆ ಕ್ಯಾಮೆರಾ ಮನೆಗೆ ಬಂತು. ಖಂಡೇನವಮಿಗೆ ಕುಡುಗೋಲು, ತಕ್ಕಡಿ, ಪುಸ್ತಕದ ಜೊತೆ ಅದನ್ನೂ ಪೂಜೆಗೆ ಇಟ್ಟರು. ಹಿರಿಯ ಸೊಸೆ ಕಾಶೀಬಾಯಿ ಮನೆಯ ಟ್ರಂಕುಗಳನ್ನು ತೆರೆದು ಒಳಗೆ ಕುಂಕುಮ ಅಕ್ಷತೆ ಹಾಕಿದ ಹಾಗೆಯೇ ಇದರ ಬೆನ್ನನ್ನೂ ತೆರೆದು ಹಾಕಿದಳು. ರೀಲು ಬೆಳಕು ಕುಡಿದು ಕೆಟ್ಟಿತು.

"ಗೊತ್ತಿಲ್ಲದ ಮಾಡ್ಯಾರಲ್ರಿ."

"ಅದಕ್ಕ ನನ್ನ ಸಿಟ್ಟಿಲ್ಲ. ನಾ ಅಳಾಕತ್ತಿದ್ದೆ. ಆಕಿ, ಮುದಿಕಿ ಬೋಳುತಲಿ ಫೋಟೋಕ್ಕ ಇಷ್ಟ್ಯಾಕ ಅಳ್ತೀ, ಹಬ್ಬದ ದಿನ ಅಂಥಾದ್ದು ಮನ್ಯಾಗ ಇಲ್ಲದ್ದ ಛಲೋ ಆತು ಅಂದ್ಲು, ಎಲ್ಲಾರ ಮುಂದ. ನಗತ ಅಂದ್ಲು. ಕಾರ್ತೀಕದಾಗ ಅವ್ವ ಹೋದಳು. ಈಗ ಅವ್ವನ ಮಾರಿ ನೆನಸಿದರ ಸೀರಿ ಬಣ್ಣ ಅಷ್ಟ ಕಾಣ್ತದ ನನಗ."

ಸುಲಭಾ ಕೂಸನ್ನು ಹೆಗಲ ಮೇಲೆ ತಟ್ಟಿದಳು. ಆಮೇಲೆ ಅಂದಳು: "ಕಾಶೀಬಾಯಿಗೂ ನಾಳೆ ಅದ ಗತಿ. ಅಷ್ಟಾಗೂದು ಬೇಕೇನ್ರಿ ನಿಮಗ?"

"ಬೇಕು. ಅದನ್ನ ಕಾಯಾಕತ್ತೇನಿ."

ದಶಮಿಯ ಮುಂಜಾನೆ ಅಂಬಾಬಾಯಿ ತಾನಾಗಿಯೇ ನಡುಮನೆಗೆ ಹೋಗಿ, "ಮೊನ್ನೆ ನೆರಳು ಬಿದ್ದಿತ್ತು, ಇನ್ನೊಮ್ಮೆ ನಿಂದರ್ರಿ" ಎಂದಳು. ಕಾಶೀಬಾಯಿ ಗಂಡನಿಗೆ ಗಂಜಿ ಕುಡಿಸುತ್ತಿದ್ದವಳು ಹಾಗೆಯೇ ಎದ್ದು ಬಂದಳು. ಪೈಠಣಿ ಇಲ್ಲ, ನತ್ತಿಲ್ಲ. ಕೈಯಲ್ಲಿ ಗಂಜಿಯ ಬಟ್ಟಲು. ಕಣ್ಣು ಒಳಗಿನ ಹಾಸಿಗೆಯ ಕಡೆಗೆ. ಸುಲಭಾ ಮೆಲ್ಲನೆ ಅಂಬಾಬಾಯಿಯ ಹಿಂದೆ ಹೋಗಿ ಕಿಂಡಿ ನೋಡಿದಳು. ಅಂಕಿ ಇತ್ತು. ಅವಳ ಜೀವ ಹಗುರಾಯಿತು.

ದೀಪಾವಳಿ ಮುಗಿದು ಎರಡು ದಿನಕ್ಕೆ ರಮಾಕಾಂತರು ಹುಬ್ಬಳ್ಳಿಯ ಅಂಗಡಿಯಿಂದ ಲಕೋಟೆ ತಂದರು. ಅಂಬಾಬಾಯಿ ಸುಲಭಾಳ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಕೂತು, ಒಂದು ಫೋಟೋ ತನ್ನ ತೊಡೆಯ ಮೇಲಿಟ್ಟು ತೋರಿಸಿದಳು. ಬಟ್ಟಲಿನಿಂದೇಳುವ ಹಬೆ, ಕುಂಕುಮದ ಅಂಚು, ಹೆದರಿದ ಎರಡು ಕಣ್ಣು, ಎಲ್ಲ ಬಂದಿತ್ತು.

"ಖಾಲಿ ಡಬ್ಬಿ ಒತ್ತಿದರ ಆಕಿ ಕಳಕೊಂಡದ್ದೇನು?" ಎಂದಳು. "ನಮ್ಮವ್ವಂದು ರೀಲಿನಾಗ ಇತ್ತು, ಇದ್ದು ಹೋತು. ಆಕಿದೂ ಇದ್ದು ಹೋಗ್ಲಿ ಅಂತ ರೀಲು ಹಾಕಿದೆ. ಆಮ್ಯಾಲ ಅದನ್ನ ತಗದು, ಕೆಡಸಾಕಂತ ಬಿಸಿಲಿಗೆ ಹಿಡಿಯಾಕ ಹೋದೆ. ಹೆಂಗ ಬಂದದೋ ನೋಡಬೇಕು ಅನಸ್ತು, ತೊಳಸಾಕ ಕಳಿಸಿದೆ. ನೋಡು, ನನ್ನ ಕೈಯಾಗ ಇಂಥಾದ್ದು ಎಂದೂ ಬಂದಿಲ್ಲ. ಒಲಿಮುಂದ ಒಯ್ದೆ, ಹಾಕಾಕ ಕೈ ಬರವಲ್ದು. ಆಕಿ ಕೈಯಾಗ ಕೊಡಾಕಂತೂ ಸತ್ತರೂ ಬರೂದಿಲ್ಲ."

ನಡುಮನೆಯಿಂದ ಕಾಶೀಬಾಯಿಯ ದನಿ ಕೇಳಿತು: "ಅಂಬಾ, ಹುಬ್ಬಳ್ಳಿಯಿಂದ ಬಂತೇನ?"

ಅಂಬಾಬಾಯಿ ಫೋಟೋವನ್ನು ಸುಲಭಾಳ ಮಡಿಲಿಗೆ ಸರಿಸಿದಳು.

"ಒಂದು ಉಪಕಾರ ಮಾಡು ಸುಲಭಾ. ಈಗ ಹೋಗಿ ಕೆಟ್ಟಿತು ಅಂತ ಹೇಳು. ನಿನ್ನ ಬಾಯಾಗಿಂದ ಬಂದರ ನಂಬ್ತಾಳ. ಇದನ್ನ ನಿನ್ನ ಟ್ರಂಕಿನಾಗ ಇಟ್ಕೋ. ನಾ ಅತ್ತಷ್ಟು ಅಳಲಿ ಆಕಿ. ಎಷ್ಟು ಅತ್ತರ ಸಾಕು ಅನ್ನೂದು ನನಗ ತಿಳಿಯಂಗಿಲ್ಲ. ನಿನಗ ಸಾಕು ಅನಿಸಿದ ದಿನ, ನನ್ನ ಕೇಳದ, ಒಯ್ದು ಕೊಟ್ಟುಬಿಡು."