ಗ್ರೇಸಿಯ ತಟ್ಟೆಯಲ್ಲಿ ನಾನಿಟ್ಟ ವಾಕ್ಯ

ಗ್ರೇಸಿ, ಆ ಹೊಸ ವರ್ಷದ ದಿನ ನಿನ್ನ ಕೈಗೆ ಬಂದ ಚೀಟಿ ದೇವರು ಕೊಟ್ಟದ್ದಲ್ಲ. ನಾನು ಕೊಟ್ಟದ್ದು. ಬೇಕೆಂದೇ ಕೊಟ್ಟದ್ದು.

ಇದನ್ನು ಬರೆಯುವಾಗಲೂ ನಿನ್ನ ಮೇಲೆ ಪ್ರೀತಿಯೇನೂ ಉಕ್ಕಿ ಬರುತ್ತಿಲ್ಲ — ಆ ಸುಳ್ಳೊಂದನ್ನು ಇದರ ಜೊತೆ ಸೇರಿಸುವುದಿಲ್ಲ. ಮೈದುನನ ಹೆಂಡತಿಯಾಗಿ ನೀನು ಕಬಕದ ಮನೆಗೆ ಬಂದಂದಿನಿಂದ ನನಗೆ ನಿನ್ನನ್ನು ಕಂಡರೆ ಆಗುತ್ತಿರಲಿಲ್ಲ. ನೀನು ಎಸ್‌ಎಸ್‌ಎಲ್‌ಸಿ ಮುಗಿಸಿ ಹೊಲಿಗೆ ಕಲಿತವಳು. ನನ್ನನ್ನು ಏಳನೆಯ ತರಗತಿಗೇ ಬಿಡಿಸಿದ್ದರು. ಪ್ರಾರ್ಥನಾ ಕೂಟದಲ್ಲಿ ವಾಕ್ಯ ವಿವರಿಸುತ್ತಾ ನಾನು ತಡವರಿಸಿದರೆ ನೀನು ಸೆರಗನ್ನು ಬಾಯಿಗೆ ಹಿಡಿದು ನಗುತ್ತಿದ್ದೆ. ನಕ್ಕದ್ದು ಸುಳ್ಳಲ್ಲ. ಆದರೆ ಅದಕ್ಕೆ ನಾನು ಮಾಡಿದ್ದು —

ನಮ್ಮ ಮನೆಯಲ್ಲಿ ಬೈಬಲಿನ ಜ್ಞಾನೋಕ್ತಿಗಳ ಪುಸ್ತಕವೆಂದರೆ ಒಬ್ಬರಿಗೊಬ್ಬರು ಹೊಡೆಯುವ ಕೋಲು. ತಡವಾಗಿ ಎದ್ದವರಿಗೆ ಇರುವೆಯ ವಾಕ್ಯ, ಎದುರುತ್ತರ ಕೊಟ್ಟವರಿಗೆ ನಾಲಿಗೆಯ ವಾಕ್ಯ, ಸಾರಿಗೆ ಉಪ್ಪು ಹೆಚ್ಚಾದರೆ ಗುಣವತಿಯಾದ ಹೆಂಡತಿಯ ಅಧ್ಯಾಯ. ತನಗೆಂದು ಒಂದನ್ನೂ ಯಾರೂ ಓದಿಕೊಂಡದ್ದಿಲ್ಲ. ಅದರ ಮೇಲೆ ಹೊಸ ವರ್ಷದ ಚೀಟಿ ಬೇರೆ. ಅತ್ತೆಯ ಕಣ್ಣು ಮಂಜಾಗಿತ್ತು. ಹಾಗಾಗಿ ವಾಕ್ಯಗಳನ್ನು ಬರೆದು ಸುರುಳಿ ಮಾಡುವುದು, ಆರಾಧನೆ ಮುಗಿಸಿ ಬಂದ ಮೇಲೆ ತಟ್ಟೆ ಹಿಡಿದು ಎಲ್ಲರ ಮುಂದೆ ಹೋಗುವುದು ನನ್ನ ಕೆಲಸ. ವಾಗ್ದಾನವೂ ಇರಬೇಕು, ಗದರಿಕೆಯೂ ಇರಬೇಕು ಎಂಬುದು ಅತ್ತೆಯ ಹಠ. ಹಿರಿಯರಿಂದ ಶುರು, ಕೊನೆಗೆ ಉಳಿದದ್ದು ಕಿರಿಯ ಸೊಸೆಗೆ. ಕೈಗೆ ಬಂದ ವಾಕ್ಯವೇ ಆ ವರ್ಷಕ್ಕೆ ದೇವರ ಅಪ್ಪಣೆ.

ಆ ಡಿಸೆಂಬರಿನಲ್ಲಿ ನಿನಗೆ ಸುಳ್ಯದಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತ್ತು. ವಾರವಿಡೀ ಅಲ್ಲಿದ್ದು ಶನಿವಾರ ಮನೆಗೆ ಬರುವುದು. ಮೈದುನ ಒಪ್ಪಿದ್ದ. ಅತ್ತೆ ಮಾತ್ರ, ಚೀಟಿ ನೋಡಿ ಹೇಳುತ್ತೇನೆ ಎಂದಿದ್ದರು. ನೀನು ಹೋದರೆ ಅಡುಗೆ, ದನದ ಹಟ್ಟಿ, ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವುದು ಎಲ್ಲ ನನ್ನ ತಲೆಗೆ. ಶನಿವಾರ ನೀನು ಹೊಸ ಸೀರೆಯುಟ್ಟು ಬಸ್ಸಿಳಿಯುವುದು, ನಾನು ಸಗಣಿ ಕೈಯಲ್ಲಿ ನಿಂತು ನೋಡುವುದು... ಹೊಟ್ಟೆ ಉರಿಯಿತು, ಗ್ರೇಸಿ. ಬೇರೆ ಕಾರಣವಿಲ್ಲ.

ಮನೆಯಲ್ಲಿ ಕಾಲು ನಿಲ್ಲದ ಕೆಟ್ಟ ಹೆಂಗಸಿನ ಬಗ್ಗೆ ಆ ಪುಸ್ತಕದಲ್ಲಿ ಒಂದು ಮಾತಿದೆ. ಅದನ್ನು ಬೇರೆಯಾಗಿ ಬರೆದು ಬೆರಳ ಸಂದಿಯಲ್ಲಿ ಹಿಡಿದಿದ್ದೆ. ನಿನ್ನ ಮುಂದೆ ಬರುವಾಗ ತಟ್ಟೆಯಲ್ಲಿ ಉಳಿದದ್ದು ಒಂದೇ ಚೀಟಿ. ಅದನ್ನು ಅಂಗೈಗೆ ಜಾರಿಸಿ ಇದನ್ನು ಇಟ್ಟೆ. ನೀನು ಗಟ್ಟಿಯಾಗಿ ಓದಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದೆ. ಪೂರ್ತಿ ಓದು ಎಂದವಳೂ ನಾನೇ.

ಅತ್ತೆ ಆಡಿದ್ದು ಇಷ್ಟೇ: “ದೇವರೇ ಹೇಳಿ ಆಯ್ತಲ್ಲ. ಇನ್ನು ನನ್ನತ್ರ ಕೇಳುದು ಎಂತ ಉಂಟು?”

ನೀನು ಹೋಗಲಿಲ್ಲ. ಅಂಥ ಕೆಲಸ ಮತ್ತೆ ನಿನ್ನನ್ನು ಹುಡುಕಿಕೊಂಡು ಬರಲೂ ಇಲ್ಲ. ನಾನು ಖುಷಿಯಲ್ಲಿದ್ದೆ. ತಕ್ಷಣ ಪಶ್ಚಾತ್ತಾಪವಾಯಿತು ಎಂದರೆ ಹಸಿ ಸುಳ್ಳು. ಅತ್ತೆ ತೀರಿಕೊಂಡ ಮೇಲೂ ಬಾಯಿ ಬಿಡಲಿಲ್ಲ. ಎಷ್ಟು ಕೂಟಗಳಲ್ಲಿ ಸತ್ಯದ ಬಗ್ಗೆ ಬೋಧನೆ ಮಾಡಿದ್ದೇನೆ — ಥೂ, ನನ್ನ ಬಾಯಿಗೆ.

ಕಳೆದ ಭಾನುವಾರ ಪುತ್ತೂರಿನಲ್ಲಿ ಆರಾಧನೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆವು. ನಿನ್ನ ಮಗಳಿಗೆ ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಆದರೆ ಕಳಿಸಲು ಹೆದರಿಕೆ ಎಂದೆ ನೀನು. ಯಾಕೆ ಎಂದು ನಾನು ಕೇಳಿದೆ.

“ನನ್ನ ಕೆಟ್ಟ ಗುಣ ಅವಳಿಗೂ ಬಂದಿದ್ರೆ, ಅಕ್ಕ? ದೇವರಿಗೆ ನನ್ನಲ್ಲಿ ಎಂತದೋ ಕಂಡದ್ದಕ್ಕೇ ಅಲ್ವಾ ಆ ವಾಕ್ಯ ಕೊಟ್ಟದ್ದು? ಈಗಲೂ ದಿನಾ ಕ್ಷಮೆ ಕೇಳ್ತೇನೆ.”

ಆಗಲಾದರೂ ಹೇಳಬಹುದಿತ್ತು. ಬಸ್ಸು ಬಂತು ಎಂದು ಹತ್ತಿ ಕುಳಿತೆ.

ಮುಂದಿನ ಕೂಟ ನನ್ನ ಮನೆಯಲ್ಲಿ. ಇಲ್ಲಿ ಬರೆದದ್ದನ್ನು ಅಲ್ಲಿ ಎಲ್ಲರ ಮುಂದೆ ನಿಂತು ಹೇಳುತ್ತೇನೆ. ನೀನು ಬೈದರೆ ಬೈ, ಮುಖ ತಿರುಗಿಸಿದರೆ ತಿರುಗಿಸು. ಮಗಳನ್ನು ಮಾತ್ರ ಕಳಿಸು. ನನ್ನನ್ನು ಕ್ಷಮಿಸಬೇಕೆಂದಿಲ್ಲ, ಗ್ರೇಸಿ — ನೀನು ಕ್ಷಮೆ ಕೇಳುವುದನ್ನು ನಿಲ್ಲಿಸು.