ಬಂಡೆಯ ಸದ್ದು ಕೇಳುವ ಚೆನ್ನಿಯಪ್ಪನ್

ಬೋರ್ ಕೊರೆಯುವವರ ನಡುವೆ ಚೆನ್ನಿಯಪ್ಪನ ಕಿವಿಗೆ ದೊಡ್ಡ ಹೆಸರಿತ್ತು. ಕೊಯಮತ್ತೂರಿನಿಂದ ಪಲ್ಲಡಂವರೆಗೆ ಯಾವ ರಿಗ್ಗಿನ ಮಾಲೀಕನನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದ. ಸಾವಿರ ಅಡಿ ಕೆಳಗೆ ಹ್ಯಾಮರ್ ಬಂಡೆಗೆ ಹೊಡೆಯುವ ಸದ್ದನ್ನು ಮೇಲೆ ನಿಂತು ಕೇಳಿ, ಇದು ಕರಿಕಲ್ಲು, ಇದು ಬಿಳಿಕಲ್ಲು, ಇನ್ನೆರಡು ಅಡಿಗೆ ಬಿರುಕು ಸಿಗುತ್ತದೆ ಎಂದು ಅವನು ಹೇಳಿದರೆ ಹಾಗೆಯೇ ಆಗುತ್ತಿತ್ತು. ಅಂಥ ಕಿವಿ ಐವತ್ತಾರನೆಯ ವಯಸ್ಸಿಗೆ ಕೈಕೊಟ್ಟಿತು. ಮೂವತ್ತೆರಡು ವರ್ಷ ಕಂಪ್ರೆಸರಿನ ಪಕ್ಕದಲ್ಲಿ ನಿಂತ ಕಿವಿ ಇನ್ನೇನು ಮಾಡೀತು? ಕಿವಿ ಹೋದದ್ದು ಅವನ ತಪ್ಪಲ್ಲ. ಅದನ್ನು ಮುಚ್ಚಿಟ್ಟದ್ದು ಮಾತ್ರ ಅವನದೇ ತಪ್ಪು.

ಮೊದಮೊದಲು ಅವನಿಗೇ ಅದು ಗೊತ್ತಾಗಲಿಲ್ಲ. ಹೆಂಡತಿ ಸುಬ್ಬಾತಾಳ್ ಈಚೀಚೆಗೆ ಬಾಯೊಳಗೇ ಮಾತಾಡುತ್ತಾಳೆ ಎಂದು ಗೊಣಗುತ್ತಿದ್ದ. ಮೆಲ್ಲಗೆ ಮಾತಾಡುವುದೆಂದರೇನೆಂದೇ ತಿಳಿಯದ ಸುಬ್ಬಾತಾಳಿಗೆ ಇದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. “ನಾನು ಕೂಗಿದ್ರೆ ಸಿಂಗಾನಲ್ಲೂರು ಬಸ್ ಸ್ಟ್ಯಾಂಡಿಗೇ ಕೇಳ್ಸುತ್ತೆ. ಪಕ್ಕದಲ್ಲಿ ಕೂತಿರೋ ನಿಮ್ಗೆ ಕೇಳ್ಸಲ್ವಾ?” ಎಂದು ಜಗಳ ತೆಗೆಯುತ್ತಿದ್ದಳು. ಒಂದು ಬೆಳಿಗ್ಗೆ ಅವನು ಒಲೆಯ ಮುಂದೆ ಕೂತಿದ್ದಾಗ ಕುಕ್ಕರಿನ ಗುಂಡು ಕುಣಿಯಿತು, ಆವಿ ಬುಸ್ಸೆಂದು ಮೇಲೆದ್ದಿತು. ಎಲ್ಲವೂ ಕಾಣಿಸಿತು, ಸೀಟಿ ಮಾತ್ರ ಕೇಳಿಸಲಿಲ್ಲ. ಅವತ್ತಿನಿಂದ ಅವನು ಕಿವಿಯ ವಿಷಯವನ್ನು ಯಾರ ಮುಂದೆಯೂ ಎತ್ತಲಿಲ್ಲ.

ಅದೇ ತಿಂಗಳು ಹೊಸ ಕೆಲಸ ಬಂತು. ಕೊಯಮತ್ತೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನವರು ಪಲ್ಲಡಂ ಆಚೆಯ ಬಂಡೆಕಾಡಿನಲ್ಲಿ ಸಂಶೋಧನೆಗೆಂದು ತೂತು ಕೊರೆಯುತ್ತಿದ್ದರು. ನೀರಿಗಲ್ಲ, ಬಿಸಿಗೆ. ಭೂಮಿಯ ಒಳಗಿನ ಕಾವನ್ನು ಮೇಲಕ್ಕೆ ತಂದರೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ನೀರು ಕಾಯಿಸಲು ಲಾರಿಗಟ್ಟಲೆ ಸೌದೆ ಸುಡಬೇಕಿಲ್ಲ ಎನ್ನುವುದು ಅವರ ಲೆಕ್ಕ. ಆದರೆ ಅಷ್ಟು ಆಳದ ಗಟ್ಟಿ ಬಂಡೆಯಲ್ಲಿ ಹ್ಯಾಮರ್ ತುದಿಗೆ ಕಟ್ಟಿ ಇಳಿಸಿದ ಯಂತ್ರಗಳು ಕಾವಿಗೂ ಅದುರುವಿಕೆಗೂ ಕೆಟ್ಟುಹೋಗುತ್ತಿದ್ದವು. ಅದಕ್ಕೇ ಅಲ್ಲಿನ ಇಂಜಿನಿಯರ್ ಕೃತ್ತಿಕಾ ಬೇರೊಂದು ದಾರಿ ಹುಡುಕಿದ್ದಳು. ರಿಗ್ಗಿನ ಮೇಲೆ ಮೈಕು ಕಟ್ಟಿ ಹ್ಯಾಮರಿನ ಸದ್ದನ್ನು ಕಂಪ್ಯೂಟರಿಗೆ ಕೊಡುವುದು. ಸದ್ದು ಬದಲಾಯಿತು ಎಂದು ಅನುಭವಸ್ಥ ಆಪರೇಟರ್ ಕೈ ಎತ್ತಿದಾಗಲೆಲ್ಲ ಒಂದು ಗುರುತು ಹಾಕುವುದು. ಹಾಗೆ ಸಾಕಷ್ಟು ಗುರುತು ಆದರೆ ಕಂಪ್ಯೂಟರೇ ಕೇಳಲು ಕಲಿಯುತ್ತದೆ.

“ನಿಮ್ಮ ಕಿವೀನ ಮಿಷಿನ್ನಿಗೆ ಕೊಡ್ತಿದ್ದೀವಿ ಅಣ್ಣಾ” ಎಂದು ಕೃತ್ತಿಕಾ ತಮಿಳಿನಲ್ಲಿ ನಗುತ್ತ ಹೇಳಿದಳು. ಚೆನ್ನಿಯಪ್ಪನೂ ನಕ್ಕ. ಅವಳ ತುಟಿಯ ಮೇಲಿಂದ ಮಾತ್ರ ಕಣ್ಣು ತೆಗೆಯಲಿಲ್ಲ.

ಸೇರುವ ಮುಂಚೆ ಕಿವಿಯ ಪರೀಕ್ಷೆ ಇತ್ತು. ಆರ್.ಎಸ್. ಪುರಂನ ಒಂದು ಕ್ಲಿನಿಕ್ಕಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಅವನು ಹೊರಗೆ ಕೂತ ಹುಡುಗಿಯ ಬೆರಳನ್ನೇ ನೋಡುತ್ತ ಒತ್ತಿದ. ಪಾಸಾದ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ. ಅವನೇನು ಆಸೆಬುರುಕನಲ್ಲ. ಮನೆ ಅವನ ಸಂಬಳವಿಲ್ಲದೆಯೂ ನಡೆಯುತ್ತಿತ್ತು. ಆದರೆ ಮೂವತ್ತೆರಡು ವರ್ಷದಿಂದ ಜನ ಅವನನ್ನು ಕರೆಯುತ್ತಿದ್ದದ್ದು ಆ ಕಿವಿಗಾಗಿ. ಅದೂ ಇಲ್ಲವೆಂದರೆ ತಾನು ಯಾರು ಎಂಬುದು ಅವನಿಗೆ ಹೊಳೆಯಲಿಲ್ಲ.

ನಿಜವಾದ ಭಯ ಶುರುವಾದದ್ದು ಕೆಲಸದ ಮೊದಲ ದಿನ. ತೂತಿನ ಬಾಯಿಯ ಹತ್ತಿರ ಕಬ್ಬಿಣದ ತಟ್ಟೆಯ ಮೇಲೆ ನಿಂತು ರಾಡು ಬದಲಿಸುವ ಜಾಗಕ್ಕೆ ಯಾರೂ ಒಪ್ಪಿರಲಿಲ್ಲ. ಕೊನೆಗೆ ಒಪ್ಪಿದವನು ದಿವಾಕರ್. ಚೆನ್ನಿಯಪ್ಪನ ಮಗಳು ಗೋಮತಿಯ ಗಂಡ.

ಆ ಜಾಗದ ಅಪಾಯ ಎಂಥದೆಂದು ಕೃತ್ತಿಕಾ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದಳು. ಮೂರು ಸಾವಿರ ಅಡಿ ದಾಟಿದ ಮೇಲೆ ಬಂಡೆಯಲ್ಲಿ ಬಿರುಕು ಸಿಕ್ಕರೆ ಒಳಗಿನ ನೀರು ಬರುತ್ತದೆ. ಚರ್ಮ ಸುಲಿಯುವಷ್ಟು ಬಿಸಿ ಇರುತ್ತದೆ. ಕಂಪ್ರೆಸರಿನ ಗಾಳಿ ಅದನ್ನು ಹೊತ್ತು ತಂದು ತೂತಿನ ಬಾಯಿಂದ ಉಗುಳುತ್ತದೆ. ಬಿರುಕು ಸಿಕ್ಕ ಕೂಡಲೆ ಹ್ಯಾಮರಿನ ಗಣಗಣ ಸದ್ದು ದೊಬದೊಬ ಎಂದಾಗುತ್ತದೆ. ಅದನ್ನು ಕೇಳಿ ಆಪರೇಟರ್ ಕೈ ಎತ್ತಬೇಕು, ಗಾಳಿ ನಿಲ್ಲಿಸಬೇಕು. ತಟ್ಟೆಯ ಮೇಲಿನವನು ಕಿವಿಗೆ ಗವಸು ಹಾಕಿಕೊಂಡಿರುತ್ತಾನೆ, ಅವನಿಗೆ ಏನೂ ಕೇಳುವುದಿಲ್ಲ. ಆಪರೇಟರಿನ ಕೈಯೇ ಅವನ ಜೀವ.

ಚೆನ್ನಿಯಪ್ಪನ್ ತನ್ನ ಎಡ ಅಂಗೈಯನ್ನು ಲಿವರಿನ ಬುಡಕ್ಕೆ ಒತ್ತಿ ಹಿಡಿದ. ಸದ್ದು ಕೇಳದಿದ್ದರೇನು, ಅದುರುವಿಕೆ ಕೈಗೆ ತಿಳಿದೀತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ಕಣ್ಣನ್ನು ಅಳಿಯನ ಮೇಲಿಂದ ಕದಲಿಸಲಿಲ್ಲ. ಎರಡನೆಯ ವಾರ ಮೊದಲ ಬಿರುಕು ಸಿಕ್ಕಿತು. ಅವನು ಸರಿಯಾದ ಗಳಿಗೆಗೆ ಕೈ ಎತ್ತಿದ. ಕೃತ್ತಿಕಾ ಗ್ರಾಫ್ ನೋಡಿ ಚಪ್ಪಾಳೆ ತಟ್ಟಿದಳು. ಆಮೇಲೆ ಇನ್ನೊಂದು, ಮತ್ತೊಂದು. ಆರು ವಾರದಲ್ಲಿ ಹನ್ನೊಂದು ಸಲ, ಒಂದೂ ತಪ್ಪಲಿಲ್ಲ. ಚೆನ್ನಿಯಪ್ಪನಿಗೆ ಅಂಗೈಯ ಮೇಲೆ ನಂಬಿಕೆ ಬಂತು. ಊಟ ಸೇರತೊಡಗಿತು. ಸುಬ್ಬಾತಾಳ್ ಜೊತೆ ಜಗಳವಾಡುವಷ್ಟು ಹುರುಪೂ ಬಂತು.

ಗೋಮತಿಗೆ ಜ್ವರ ಬಂದು ದಿವಾಕರ್ ಎರಡು ದಿನ ರಜೆ ಹಾಕಿದ. ಅವನ ಜಾಗಕ್ಕೆ ಪಳನಿಸಾಮಿ ಬಂದ. ನೀರಿನ ಬೋರುಗಳಲ್ಲಿ ಚೆನ್ನಿಯಪ್ಪನ ಜೊತೆ ಎಷ್ಟೋ ವರ್ಷ ದುಡಿದ ಹಳಬ.

ಎರಡನೆಯ ದಿನ ಮಧ್ಯಾಹ್ನ ಹನ್ನೆರಡರ ಹೊತ್ತು. ಅಂಗೈ ಲಿವರಿನ ಮೇಲಿತ್ತು, ಕಣ್ಣು ಪಳನಿಸಾಮಿಯ ಮೇಲಿತ್ತು. ಏನೂ ಬದಲಾಗಿರಲಿಲ್ಲ. ಇದ್ದಕ್ಕಿದ್ದಂತೆ ತೂತಿನ ಬಾಯಿಂದ ಬೂದುಬಣ್ಣದ ನೀರು ಉಕ್ಕಿತು. ಚೆನ್ನಿಯಪ್ಪನ್ ಲಿವರ್ ಎಳೆಯುವಷ್ಟರಲ್ಲಿ ಪಳನಿಸಾಮಿ ಮುಂದಕ್ಕೆ ಬಗ್ಗಿ ಎರಡೂ ಕೈ ಬೊಗಸೆ ಮಾಡಿದ್ದ. ಬೋರಿನಲ್ಲಿ ಮೊದಲ ನೀರು ಬಂದರೆ ಬೊಗಸೆಯಲ್ಲಿ ಹಿಡಿದು ತಲೆಗೆ ಚಿಮುಕಿಸಿಕೊಳ್ಳುವುದು ಅವನಿಗೆ ಉಸಿರಾಡಿದಷ್ಟು ಸಹಜ. ಕೃತ್ತಿಕಾ ಹತ್ತು ಸಲ ಹೇಳಿದ್ದೆಲ್ಲ ಆ ಕ್ಷಣದಲ್ಲಿ ಮರೆತೇಹೋಗಿತ್ತು. ಅವನು ಬಾಯಿ ತೆರೆದದ್ದನ್ನು ಚೆನ್ನಿಯಪ್ಪನ್ ನೋಡಿದ. ಆ ಚೀತ್ಕಾರ ಅವನಿಗೆ ಎಲ್ಲೋ ದೂರದಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು.

ಪಳನಿಸಾಮಿಯ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಮುಖಕ್ಕೆ ಹಾರಿರಲಿಲ್ಲ, ಕಣ್ಣು ಉಳಿಯಿತು. ಪಳನಿಸಾಮಿಯನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಕೃತ್ತಿಕಾ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. ನೀರು ಉಕ್ಕುವುದಕ್ಕೆ ಮೂವತ್ತೆಂಟು ಸೆಕೆಂಡ್ ಮುಂಚೆಯೇ ಸದ್ದು ಬದಲಾಗಿತ್ತು.

“ಇಷ್ಟು ದಿನ ಒಂದೇ ಸೆಕೆಂಡಿನಲ್ಲಿ ಕೈ ಎತ್ತಿದ್ದೀರಿ ಅಣ್ಣಾ. ಇವತ್ತೇನಾಯ್ತು?”

“ಕಣ್ಣಿಗೆ ಧೂಳು ಬಿತ್ತು ಅಮ್ಮಣಿ” ಎಂದ ಚೆನ್ನಿಯಪ್ಪನ್. ಸದ್ದು ಕೇಳಲು ಕಣ್ಣೇಕೆ ಬೇಕು ಎಂದು ಅವಳು ಕೇಳಲಿಲ್ಲ. ಅವಳಿಗೆ ಅವನ ಮೇಲೆ ಅಷ್ಟು ಗೌರವ. ಆ ಗೌರವ ಅವನನ್ನು ಚುಚ್ಚಿತು.

ಆ ದಿನ ಮನೆಗೆ ಬಂದವನು ಅನ್ನ ಮುಟ್ಟಲಿಲ್ಲ. ಆರು ವಾರ ತಪ್ಪದ ಅಂಗೈ ಇವತ್ತು ಯಾಕೆ ತಪ್ಪಿತು? ಆ ಜಾಗದಲ್ಲಿ ದಿವಾಕರ್ ಇದ್ದಿದ್ದರೆ? ನಾಳೆ ಇರುತ್ತಾನಲ್ಲ! ಮೊಮ್ಮಗಳು ಇಲಕ್ಕಿಯಾಗೆ ಇನ್ನೂ ನಾಲ್ಕು ತುಂಬಿಲ್ಲ. ಈ ಮಾತುಗಳೇ ತಲೆಯೊಳಗೆ ಸುತ್ತಿ ಸುತ್ತಿ ಬಂದವು. 

ಮರುದಿನ ಬೆಳಿಗ್ಗೆ ದಿವಾಕರ್ ಬೈಕ್ ತಂದ. ಸೂಲೂರು ದಾಟಿದ ಮೇಲೆ ಚೆನ್ನಿಯಪ್ಪನ್ ಅವನ ಭುಜ ತಟ್ಟಿ ಒಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದ. ಗ್ಲಾಸು ಕೈಗೆ ಬಂದರೂ ಕುಡಿಯಲಿಲ್ಲ. ಸುತ್ತ ಎಲ್ಲರದೂ ತಮಿಳು. ತಾವು ಮನೆಯಲ್ಲಿ ಆಡುವ ಕನ್ನಡ ಅಲ್ಲಿ ಯಾರಿಗೂ ತಿಳಿಯದು ಎಂಬುದೊಂದೇ ಅವನಿಗಿದ್ದ ಆಸರೆ.

“ಮಾಪ್ಳೆ, ಇವತ್ತಿಂದ ನೀವು ಅಲ್ಲಿ ನಿಲ್ಬೇಡಿ. ನಂಗೆ... ನಂಗೆ ಕಿವಿ ಕೇಳ್ಸಲ್ಲ.”

ದಿವಾಕರ್ ಬೆಚ್ಚಿಬೀಳಲಿಲ್ಲ. ಗ್ಲಾಸು ಕೆಳಗಿಟ್ಟು, ಅವನ ಮುಖಕ್ಕೆ ಎದುರಾಗಿ ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. “ಗೊತ್ತು ಮಾಮಾ. ಗೋಮತಿ ಆಗ್ಲೇ ಹೇಳಿದ್ಲು. ಅದ್ಕೇ ತಾನೇ ನಾನು ಅಲ್ಲಿ ನಿಂತಿದ್ದು.”

ಚೆನ್ನಿಯಪ್ಪನಿಗೆ ಅರ್ಥವಾಗಲಿಲ್ಲ.

“ಸದ್ದು ಬದ್ಲಾದ ತಕ್ಷಣ ನಾನು ಎಡಗಾಲು ಹಿಂದಕ್ಕೆ ಎಳ್ಕೊಳ್ತಿದ್ದೆ. ನೀವು ಅದನ್ನ ನೋಡಿ ಕೈ ಎತ್ತುತ್ತಿದ್ರಿ. ನೀವು ನೋಡ್ತಿರೋದು ನಿಮ್ಗೇ ಗೊತ್ತಿರ್ಲಿಲ್ಲ. ನಿಮ್ಮ ಪೇರು ಕೆಡ್ಬಾರ್ದು ಅಂತ ನಾನು ಬಾಯಿ ಬಿಡ್ಲಿಲ್ಲ.”

ಚೆನ್ನಿಯಪ್ಪನ್ ಬೆಂಚಿನ ಮೇಲೆ ಕೂತ. ಹನ್ನೊಂದು ಸಲವೂ ಅವನ ಅಂಗೈ ಏನೂ ಹೇಳಿರಲಿಲ್ಲ. ನಾಚಿಕೆ ಆಯಿತು, ಅಳು ಬಂತು. ಮಗಳನ್ನು ಕೊಟ್ಟ ಅಳಿಯ ತನ್ನ ಹೆಸರಿಗಾಗಿ ಸುಡುನೀರಿನ ಬಾಯಲ್ಲಿ ಆರು ವಾರ ನಿಂತಿದ್ದ. ಆಮೇಲೆ ಅದಕ್ಕಿಂತ ಕೆಟ್ಟದ್ದೊಂದು ಅವನಿಗೆ ಹೊಳೆಯಿತು. ಗವಸು ಹಾಕಿಕೊಂಡವನಿಗೆ ಸದ್ದು ಬದಲಾದದ್ದು ಹೇಗೆ ಕೇಳಿತು?

ದಿವಾಕರ್ ಬಲಗಡೆಗೆ ತಿರುಗಿ ಟೀ ಅಂಗಡಿಯವನಿಗೆ ಹಣ ಕೊಡುತ್ತಿದ್ದ. ಚೆನ್ನಿಯಪ್ಪನ್ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತ. ಕಿವಿಯಿಂದ ಒಂದು ಗೇಣು ದೂರದಲ್ಲಿ, “ಮಾಪ್ಳೆ, ಕಿವೀ ಗವಸು ತೆಗೆದಿಟ್ಟು ನಿಂತಿದ್ರಾ?” ಎಂದ. ಅಂಗಡಿಯವನು ತಲೆ ಎತ್ತಿ ನೋಡಿದ. ಬೆಂಚಿನ ಮೇಲಿದ್ದ ಇಬ್ಬರೂ ನೋಡಿದರು. ದಿವಾಕರ್ ತಿರುಗಲಿಲ್ಲ. ಚೆನ್ನಿಯಪ್ಪನ್ ಇನ್ನೊಮ್ಮೆ, ತನ್ನ ಗಂಟಲು ಹರಿಯುವಷ್ಟು ಜೋರಾಗಿ ಕೂಗಿದ ಮೇಲೆ ಅವನು ನಗುನಗುತ್ತ ತಿರುಗಿ, “ಏನಂದ್ರಿ ಮಾಮಾ?” ಎಂದು ಕೇಳಿದ. ಮೂವತ್ತೊಂದು ವರ್ಷದ ಹುಡುಗ.

ಅರ್ಧ ಗಂಟೆಯಲ್ಲಿ ಅವರು ಬಂಡೆಕಾಡಿನಲ್ಲಿದ್ದರು. ಕಂಪ್ರೆಸರ್ ಆಗಲೇ ಶುರುವಾಗಿತ್ತು. ಚೆನ್ನಿಯಪ್ಪನ್ ನೇರವಾಗಿ ಅದರ ಹತ್ತಿರ ಹೋಗಿ ಆಫ್ ಮಾಡಿದ. ಕೃತ್ತಿಕಾ ಗಾಬರಿಯಿಂದ ಓಡಿ ಬಂದಳು. ಕ್ಲಿನಿಕ್ಕಿನಲ್ಲಿ ಮಾಡಿದ ಮೋಸದಿಂದ ಹಿಡಿದು ನಿನ್ನೆಯ ಸುಳ್ಳಿನವರೆಗೆ ಎಲ್ಲವನ್ನೂ ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. ಆ ಹನ್ನೊಂದು ಗುರುತು ತನ್ನವಲ್ಲ, ಮಿಷಿನ್ ಕಲಿತದ್ದು ದಿವಾಕರನ ಕಿವಿಯಿಂದ ಎಂದ. ಅವಳ ಮುಖ ಬಿಳಿಚಿಕೊಂಡಿತು. ನಿಮ್ಮ ಮೇಲೆ ರಿಪೋರ್ಟ್ ಬರೆಯಲೇಬೇಕಾಗುತ್ತದೆ ಅಣ್ಣಾ, ಎಂದು ತೊದಲಿದಳು.

“ಬರಿ ಅಮ್ಮಣಿ, ಎಷ್ಟು ಬೇಕೋ ಅಷ್ಟು ಬರಿ” ಎಂದ ಚೆನ್ನಿಯಪ್ಪನ್. ಅಳಿಯನ ಮೊಣಕೈಯನ್ನು ಬಿಗಿಯಾಗಿ ಹಿಡಿದು ಅವಳ ಮುಂದೆ ತಂದು ನಿಲ್ಲಿಸಿದ. “ಅದೆಲ್ಲ ಆಮೇಲೆ. ಮೊದ್ಲು ಕಾರ್ ತೆಗೆಸು. ಇವ್ರ ಕಿವೀಲಿ ಇನ್ನೆಷ್ಟು ಉಳಿದಿದೆ ಅಂತ ಇವತ್ತೇ ನೋಡ್ಸು.”